ಗೇಮಿಂಗ್ ಕೀಬೋರ್ಡ್‌ನ ಎತ್ತರ ಇಳಿಸಬೇಕೆ? ಮೊದಲು ಒಂದು ಕ್ಯಾಪ್ ಕಿತ್ತು ನೋಡಿ

ಪ್ರಶ್ನೆ: ನಾನು ಬದಿಯಡ್ಕದ ಹತ್ತಿರದವನು, ಡಿಗ್ರಿ ಓದುತ್ತಿದ್ದೇನೆ. ಕಳೆದ ವರ್ಷ ಒಂದು ಮೆಕ್ಯಾನಿಕಲ್ ಗೇಮಿಂಗ್ ಕೀಬೋರ್ಡ್ ಕೊಂಡೆ. ಪೂರ್ತಿ ಗಾತ್ರದ್ದು, ಪ್ರತಿ ಕೀಯ ಕೆಳಗೆ ರೆಡ್ ಅನ್ನುವ ಬಗೆಯ ಸ್ವಿಚ್, ಒಳಗಿಂದ ಬಣ್ಣದ ಲೈಟ್. ಅಲ್ಲಿಯವರೆಗೆ ಲ್ಯಾಪ್‌ಟಾಪಿನಲ್ಲೇ ಆಡುತ್ತಿದ್ದ ನನಗೆ ಇದರ ಕೀಗಳು ತೀರಾ ಎತ್ತರ ಅನಿಸುತ್ತವೆ. ಒಂದು ಗಂಟೆ ಆಡಿದರೆ ಎಡಗೈ ಮಣಿಕಟ್ಟು ನೋಯುತ್ತದೆ. ಡಬ್ಲ್ಯೂ ಒತ್ತುವಾಗ ಬೆರಳ ತುದಿ ಮೇಲಿನ ಅಂಕಿ ಸಾಲಿಗೆ ತಾಗುತ್ತದೆ. ಅಂಗಡಿಯಲ್ಲಿ ‘ಲೋ ಪ್ರೊಫೈಲ್ ಕೀಕ್ಯಾಪ್ (ಕೀಯ ಮೇಲಿನ ಪ್ಲಾಸ್ಟಿಕ್ ಟೊಪ್ಪಿ, ಗಿಡ್ಡದ್ದು) ಹಾಕಿ, ಕೀ ಬೇಗ ಕೆಲಸ ಮಾಡುತ್ತದೆ’ ಅಂದರು. ಆನ್‌ಲೈನ್‌ನಲ್ಲಿ ನೋಡಿದರೆ ನೂರೆಂಟು ಬಗೆ. ಯಾವುದು ಕೊಳ್ಳಲಿ? ಲೈಟ್ ಕಾಣಬೇಕು, ರಾತ್ರಿ ಸದ್ದು ಜಾಸ್ತಿ ಆಗಬಾರದು. ಕನ್ನಡವನ್ನೂ ಇದರಲ್ಲೇ ಟೈಪ್ ಮಾಡುತ್ತೇನೆ. ಕನ್ನಡ ಅಕ್ಷರ ಇರುವ ಕ್ಯಾಪ್ ಸಿಗುತ್ತದಾ?

ಉತ್ತರ: ನಿಮ್ಮದು ಸಾಮಾನ್ಯ ಎತ್ತರದ ಸ್ವಿಚ್ ಇರುವ ಕೀಬೋರ್ಡ್ ಅಂತ ಬರೆದದ್ದು ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ‘ಲೋ ಪ್ರೊಫೈಲ್’ ಅಂತ ಮಾರುವ ಚಪ್ಪಟೆ ಕ್ಯಾಪ್ ಬೇಡ. ಚೆರಿ ಪ್ರೊಫೈಲ್ ಅನ್ನುವ ಆಕಾರದ, ಪಿಬಿಟಿ ಪ್ಲಾಸ್ಟಿಕ್ಕಿನ ಸೆಟ್ ತಗೊಳ್ಳಿ. ಈಗ ಇರುವುದಕ್ಕಿಂತ ಸುಮಾರು 2 ಮಿ.ಮೀ. ತಗ್ಗುತ್ತದೆ. ಹೇಳಲು ಸಣ್ಣ ಅಳತೆ, ಆದರೆ ಬೆರಳಿಗೆ ಮೊದಲ ದಿನವೇ ಗೊತ್ತಾಗುತ್ತದೆ. ದುಡ್ಡು ಕೊಡುವ ಮೊದಲು ಮಾತ್ರ ಎರಡು ವಿಷಯ ನೋಡಲೇಬೇಕು: ಸ್ವಿಚ್‌ನ ಎಲ್‌ಇಡಿ ಯಾವ ಕಡೆ ಇದೆ, ಕೆಳಸಾಲಿನ ಕೀಗಳ ಅಗಲ ಎಷ್ಟು. ಕ್ಯಾಪ್ ಕೊಂಡು ಆಮೇಲೆ ಬೇಜಾರು ಮಾಡಿಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಈ ಎರಡರಲ್ಲೇ.

ಅಂಗಡಿಯವರ ಮಾತನ್ನು ಮೊದಲು ತಿದ್ದುತ್ತೇನೆ. ಕ್ಯಾಪ್ ಗಿಡ್ಡವಾದರೆ ಕೀಬೋರ್ಡ್‌ನ ಎತ್ತರ ತಗ್ಗುತ್ತದೆ ಅಷ್ಟೆ. ಒತ್ತುವ ಆಳ ತಗ್ಗುವುದಿಲ್ಲ. ಆ ಆಳ ಇರುವುದು ಸ್ವಿಚ್‌ನ ಒಳಗೆ. ಚೆರಿ ಕಂಪನಿಯ ಸಾಮಾನ್ಯ ಎಂಎಕ್ಸ್ ಮಾದರಿಯ ರೆಡ್ ಸ್ವಿಚ್ ಒಟ್ಟು 4 ಮಿ.ಮೀ. ಇಳಿಯುತ್ತದೆ. 2 ಮಿ.ಮೀ. ಇಳಿದಾಗ ಒತ್ತಿದ್ದು ಕಂಪ್ಯೂಟರಿಗೆ ತಿಳಿಯುತ್ತದೆ. ತಲೆಯ ಮೇಲೆ ಯಾವ ಟೊಪ್ಪಿ ಇಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ಕೀ ಬೇಗ ಕೆಲಸ ಮಾಡಬೇಕು ಅನ್ನುವುದೇ ನಿಮ್ಮ ಆಸೆಯಾದರೆ ಬದಲಾಯಿಸಬೇಕಾದ್ದು ಸ್ವಿಚ್. ಚೆರಿ ಕಂಪನಿಯ ಸ್ಪೀಡ್ ಸಿಲ್ವರ್ ಸ್ವಿಚ್ 1.2 ಮಿ.ಮೀ. ಇಳಿದರೇ ಸಾಕು ಕೆಲಸ ಮಾಡುತ್ತದೆ, ಪೂರ್ತಿ ಇಳಿಯುವುದು 3.4 ಮಿ.ಮೀ. ಮಾತ್ರ. ನಿಮ್ಮದು ಹಾಟ್‌ಸ್ವಾಪ್ ಬೋರ್ಡ್ ಆಗಿದ್ದರೆ ಬೆಸುಗೆ ಇಲ್ಲದೆ ನೀವೇ ಸ್ವಿಚ್ ಕಿತ್ತು ಹಾಕಬಹುದು. ಅಯಸ್ಕಾಂತದ ಸ್ವಿಚ್ ಇರುವ ಹೊಸ ಬೋರ್ಡ್‌ಗಳಲ್ಲಿ ಎಷ್ಟು ಇಳಿದಾಗ ಕೆಲಸ ಮಾಡಬೇಕು ಅಂತ ಸಾಫ್ಟ್‌ವೇರಿನಲ್ಲೇ ಹೊಂದಿಸಬಹುದು. ಆದರೆ ನೀವು ಬರೆದದ್ದರಲ್ಲಿ ಕಾಣುವುದು ಮಣಿಕಟ್ಟಿನ ನೋವು, ಅಂಕಿ ಸಾಲಿಗೆ ತಾಗುವ ಬೆರಳು. ನಿಮಗೆ ತೊಂದರೆ ಕೊಡುತ್ತಿರುವುದು ಎತ್ತರ, ವೇಗ ಅಲ್ಲ.

ಎತ್ತರ ಇಳಿಸಲು ಖರ್ಚಿಲ್ಲದ ದಾರಿ ಒಂದಿದೆ, ಅದನ್ನು ಇವತ್ತೇ ಮಾಡಿ. ಕೀಬೋರ್ಡ್‌ನ ಹಿಂದಿನ ಎರಡು ಕಾಲು ಬಿಡಿಸಿಟ್ಟಿದ್ದರೆ ಮಡಚಿ. ಆ ಕಾಲು ಎತ್ತಿದಷ್ಟೂ ಅಂಕಿ ಸಾಲು ಮೇಲೇಳುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಹಾಗೆ ಬಾಗಿದ ಕೈಯಲ್ಲಿ ಒಂದು ಗಂಟೆ ಆಡಿದರೆ ನೋವು ಬರದೆ ಇನ್ನೇನು ಬರುತ್ತದೆ? ಮೇಜನ್ನೂ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಕಂಪ್ಯೂಟರ್ ಇಡುವುದು ಊಟದ ಮೇಜಿನಲ್ಲಿ, ಇಲ್ಲವೇ ಅಜ್ಜನ ಕಾಲದ ಮರದ ಮೇಜಿನಲ್ಲಿ. ಅದರ ಎತ್ತರ ಸುಮಾರು 75 ಸೆ.ಮೀ. ಇರುತ್ತದೆ. ಅದರ ಮೇಲೆ ದಪ್ಪದ ಕೀಬೋರ್ಡ್, ಕೂರುವುದು ತಗ್ಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮೊಣಕೈ ಕೀಗಳಿಗಿಂತ ಕೆಳಗೆ ಉಳಿಯುತ್ತದೆ. ಕುರ್ಚಿಗೆ ಒಂದು ಗಟ್ಟಿ ದಿಂಬು ಹಾಕಿ, ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ತುಸು ಮೇಲೆ ಬರಲಿ. ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ. ಕೀಬೋರ್ಡ್‌ನ ಕಾಲು ಮಡಚಿ, ಕುರ್ಚಿಗೆ ದಿಂಬು ಹಾಕಿ ಒಂದು ವಾರ ಆಡಿ. ಅರ್ಧ ನೋವು ಅಲ್ಲೇ ಹೋದರೂ ಆಶ್ಚರ್ಯವಿಲ್ಲ. ಬೆರಳು ಜೋಮು ಹಿಡಿಯುವುದು, ರಾತ್ರಿ ನೋವಿನಿಂದ ಎಚ್ಚರವಾಗುವುದು ಇದ್ದರೆ ಮಾತ್ರ ಕ್ಯಾಪ್ ವಿಚಾರ ಬಿಟ್ಟು ಡಾಕ್ಟರಿಗೆ ತೋರಿಸಿ.

ಇನ್ನು ಕ್ಯಾಪ್. ಕ್ಯಾಪ್‌ನ ಎತ್ತರ ಮತ್ತು ಓರೆಗೆ ಸೇರಿಸಿ ಪ್ರೊಫೈಲ್ ಅನ್ನುತ್ತಾರೆ. ಗೇಮಿಂಗ್ ಕೀಬೋರ್ಡ್ ಜೊತೆ ಬರುವುದು ಹೆಚ್ಚಾಗಿ ಓಇಎಂ ಪ್ರೊಫೈಲ್. ಇದರಲ್ಲಿ ಅಂಕಿ ಸಾಲಿನ ಕ್ಯಾಪ್ ಸುಮಾರು 12 ಮಿ.ಮೀ. ಎತ್ತರ. ಚೆರಿ ಪ್ರೊಫೈಲಿನಲ್ಲಿ ಅದೇ ಸಾಲು ಒಂಬತ್ತೂವರೆ ಮಿ.ಮೀ. ಆಸುಪಾಸು. ಅಂಕಿ ಸಾಲು ಅಷ್ಟು ಇಳಿದರೆ ಡಬ್ಲ್ಯೂ ಒತ್ತುವ ಬೆರಳಿಗೆ ಜಾಗ ಸಿಗುತ್ತದೆ. ನಿಮಗೆ ಬೇಕಾದ್ದು ಇದೇ ಅಲ್ವಾ? ಇದಕ್ಕಿಂತಲೂ ಗಿಡ್ಡವಾದದ್ದು ಡಿಎಸ್‌ಎ, ಸುಮಾರು ಏಳೂವರೆ ಮಿ.ಮೀ. ಎಕ್ಸ್‌ಡಿಎ 9 ಮಿ.ಮೀ. ಹತ್ತಿರ, ಅದರ ತಲೆ ಅಗಲ. ಈ ಎರಡರಲ್ಲೂ ಎಲ್ಲ ಸಾಲೂ ಒಂದೇ ಎತ್ತರ. ಎಸ್‌ಎ ಅಂತ ಇನ್ನೊಂದಿದೆ. ಅದರ ಮೇಲಿನ ಸಾಲು 16 ಮಿ.ಮೀ. ಮುಟ್ಟುತ್ತದೆ. ನೋಡಲು ತುಂಬ ಚಂದ, ನಿಮ್ಮ ಮಣಿಕಟ್ಟಿಗೆ ಖಂಡಿತ ಬೇಡ.

ಡಿಎಸ್‌ಎ ಅಷ್ಟು ಗಿಡ್ಡ ಇರುವಾಗ ಅದನ್ನೇ ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಆಟದ ನಡುವೆ ಯಾರೂ ಕೀಬೋರ್ಡ್ ನೋಡುವುದಿಲ್ಲ. ಸಾಲಿನಿಂದ ಸಾಲಿಗೆ ಓರೆ ಬದಲಾಗುವುದನ್ನು ಮುಟ್ಟಿಯೇ ಬೆರಳು ತಾನು ಎಲ್ಲಿದ್ದೇನೆ ಅಂತ ತಿಳಿಯುತ್ತದೆ. ಎಲ್ಲ ಸಾಲೂ ಸಮ ಇದ್ದರೆ ಆ ಗುರುತು ಹೋಗುತ್ತದೆ. ಡಬ್ಲ್ಯೂ ಬದಲು ಎರಡರ ಕೀ ಒತ್ತಿ ಕೈಯಲ್ಲಿದ್ದ ಆಯುಧವೇ ಬದಲಾಗುವುದು ಹೀಗೆ. ಅಭ್ಯಾಸವಾದರೆ ಸರಿಹೋಗುತ್ತದೆ, ಡಿಎಸ್‌ಎಯಲ್ಲಿ ಚೆನ್ನಾಗಿ ಆಡುವವರೂ ಇದ್ದಾರೆ. ಆದರೆ ಆಟ, ಕಾಲೇಜಿನ ಬರವಣಿಗೆ, ಕನ್ನಡ ಟೈಪಿಂಗ್ ಎಲ್ಲವೂ ಒಂದೇ ಬೋರ್ಡಿನಲ್ಲಿ ಮಾಡುವವರಿಗೆ ಚೆರಿ ಪ್ರೊಫೈಲೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೊಳ್ಳುವಾಗ ಒಂದು ಎಚ್ಚರಿಕೆ. ಪೆಟ್ಟಿಗೆಯ ಮೇಲೆ ‘ಚೆರಿ ಎಂಎಕ್ಸ್‌ಗೆ ಹೊಂದುತ್ತದೆ’ ಅಂತ ಇದ್ದರೆ ಅದು ಸ್ವಿಚ್‌ನ ಪ್ಲಸ್ ಆಕಾರದ ಸ್ಟೆಮ್‌ಗೆ, ಅಂದರೆ ನಡುವಿನ ಕಡ್ಡಿಗೆ, ಕೂರುತ್ತದೆ ಅಂತ ಮಾತ್ರ. ಎತ್ತರದ ಬಗ್ಗೆ ಅದು ಏನೂ ಹೇಳುವುದಿಲ್ಲ. ‘ಚೆರಿ ಪ್ರೊಫೈಲ್’ ಅಂತ ಬೇರೆಯಾಗಿ ಬರೆದಿರಬೇಕು.

ಈಗ ಆ ಚಪ್ಪಟೆ ಕ್ಯಾಪ್‌ಗಳ ವಿಷಯ. ಲ್ಯಾಪ್‌ಟಾಪಿನ ಕೀಯಂತೆ ತೆಳ್ಳಗೆ ಕಾಣುವ ಇವನ್ನು ನೋಡಿ ಆಸೆಯಾಗುವುದು ಸಹಜ. ಇವನ್ನು ಮಾಡಿರುವುದು ಹೆಚ್ಚಾಗಿ ಲೋ ಪ್ರೊಫೈಲ್ ಸ್ವಿಚ್‌ಗಳಿಗೆ. ಆ ಸ್ವಿಚ್‌ಗಳೇ ಬೇರೆ. ಸಾಮಾನ್ಯ ಚೆರಿ ಎಂಎಕ್ಸ್ ಸ್ವಿಚ್ 18.5 ಮಿ.ಮೀ. ಎತ್ತರ ಇದ್ದರೆ ಅದರ ಲೋ ಪ್ರೊಫೈಲ್ ತಮ್ಮ 11.9 ಮಿ.ಮೀ. ಮಾತ್ರ, ಇಳಿಯುವುದೂ 3.2 ಮಿ.ಮೀ.ಯಷ್ಟೆ. ಕೈಲ್ ಕಂಪನಿಯ ಚಾಕ್ ಮೊದಲ ಆವೃತ್ತಿಯಲ್ಲಿ ಪ್ಲಸ್ ಇಲ್ಲವೇ ಇಲ್ಲ, ಕ್ಯಾಪ್‌ನ ಕೆಳಗಿನ ಎರಡು ಸಣ್ಣ ಕಾಲು ಸ್ವಿಚ್‌ನ ತೂತಿಗೆ ಇಳಿಯುತ್ತವೆ. ಅದರ ಕ್ಯಾಪ್ ತಂದರೆ ನಿಮ್ಮ ಸ್ವಿಚ್ ಮೇಲೆ ಕೂರುವುದೇ ಇಲ್ಲ. ಪ್ಲಸ್ ಇರುವ ಚಪ್ಪಟೆ ಕ್ಯಾಪ್‌ಗಳೂ ಸಿಗುತ್ತವೆ. ಅವು ಕೂರುತ್ತವೆ. ಆದರೆ ಕ್ಯಾಪ್‌ನ ಅಂಚು ಗಿಡ್ಡವಾದ್ದರಿಂದ ಕೆಳಗಿನ ಸ್ವಿಚ್ ಬದಿಯಿಂದ ಪೂರ್ತಿ ಕಾಣುತ್ತದೆ. ಲೈಟ್ ಕಣ್ಣಿಗೆ ಹೊಡೆಯುತ್ತದೆ, ಧೂಳು ಸಲೀಸಾಗಿ ಒಳಗೆ ಹೋಗುತ್ತದೆ. ಕೆಲವು ಕ್ಯಾಪ್‌ಗಳ ಒಳಭಾಗ ಸ್ವಿಚ್ ಪೂರ್ತಿ ಇಳಿಯುವ ಮೊದಲೇ ಅದರ ಮೇಲ್ಕವಚಕ್ಕೆ ತಾಗುತ್ತದೆ. ಲ್ಯಾಪ್‌ಟಾಪಿನ ತೆಳುವೇ ಬೇಕು ಅನಿಸಿದರೆ ಮುಂದೊಂದು ದಿನ ಲೋ ಪ್ರೊಫೈಲ್ ಕೀಬೋರ್ಡನ್ನೇ ಕೊಳ್ಳಿ. ಈ ಬೋರ್ಡಿಗೆ ಕ್ಯಾಪ್ ಹಾಕಿ ಅದನ್ನು ಮಾಡಲು ಆಗುವುದಿಲ್ಲ.

ಇನ್ನು ಹೇಳುವುದನ್ನು ದಯವಿಟ್ಟು ಗಮನವಿಟ್ಟು ಓದಿ, ನಿಮ್ಮ ದುಡ್ಡು ಉಳಿಯುವುದು ಇಲ್ಲಿ. ಒಂದು ಕ್ಯಾಪ್ ಕಿತ್ತು ನೋಡಿ. ಸ್ವಿಚ್‌ನ ಒಂದು ಬದಿಯಲ್ಲಿ ಎಲ್‌ಇಡಿಗೆ ಕಿಂಡಿ ಇರುತ್ತದೆ. ಆ ಕಿಂಡಿ ಮಾನಿಟರಿನ ಕಡೆಗಿದ್ದರೆ ನಾರ್ತ್ ಫೇಸಿಂಗ್, ನಿಮ್ಮ ಹೊಟ್ಟೆಯ ಕಡೆಗಿದ್ದರೆ ಸೌತ್ ಫೇಸಿಂಗ್. ಗೇಮಿಂಗ್ ಬೋರ್ಡ್‌ಗಳಲ್ಲಿ ಜಾಸ್ತಿ ಕಾಣುವುದು ನಾರ್ತ್. ಅಕ್ಷರ ಕ್ಯಾಪ್‌ನ ಮೇಲ್ಭಾಗದಲ್ಲಿ ಇರುತ್ತದೆ, ಲೈಟ್ ಸರಿಯಾಗಿ ಅದರ ಕೆಳಗೆ ಬರಲಿ ಅಂತ ಹಾಗೆ ಮಾಡುತ್ತಾರೆ. ತೊಂದರೆ ಏನೆಂದರೆ, ನಾರ್ತ್ ಫೇಸಿಂಗ್ ಬೋರ್ಡಿನಲ್ಲಿ ಚೆರಿ ಪ್ರೊಫೈಲಿನ ನಡುಸಾಲಿನ ಕ್ಯಾಪ್, ಅಂದರೆ ಎ, ಎಸ್, ಡಿ ಇರುವ ಸಾಲಿನದು, ಪೂರ್ತಿ ಒತ್ತಿದಾಗ ಒಳಗಿನ ಗೋಡೆ ಸ್ವಿಚ್‌ನ ಮೇಲ್ಕವಚಕ್ಕೆ ತಾಗಬಹುದು. ಗಿಡ್ಡ ಕ್ಯಾಪ್, ಒಳಗೆ ಜಾಗ ಕಡಿಮೆ, ಅದಕ್ಕೇ ಹೀಗೆ. ಓಇಎಂ ಎತ್ತರ ಇರುವುದರಿಂದ ಅದರಲ್ಲಿ ಈ ಕಾಟ ಇಲ್ಲ.

ತಾಗಿದರೆ ಏನಾಗುತ್ತದೆ? ಏನೂ ಹಾಳಾಗುವುದಿಲ್ಲ. ಕೀ ಕೆಲಸವೂ ಮಾಡುತ್ತದೆ, ಏಕೆಂದರೆ 2 ಮಿ.ಮೀ. ಇಳಿದಾಗಲೇ ಒತ್ತಿದ್ದು ಕಂಪ್ಯೂಟರಿಗೆ ತಿಳಿದಿರುತ್ತದೆ. ಆದರೆ ಆ ಸಾಲಿನ ತಳಸ್ಪರ್ಶ ಬೇರೆ ಸಾಲುಗಳಂತೆ ಇರುವುದಿಲ್ಲ, ಸದ್ದೂ ಒಡೆದಂತೆ ಬರುತ್ತದೆ. ಸುಮ್ನೆ ಟೈಪ್ ಮಾಡುವವರಲ್ಲಿ ಎಷ್ಟೋ ಮಂದಿಗೆ ಇದು ಗಮನಕ್ಕೇ ಬರುವುದಿಲ್ಲ. ನಿಮ್ಮ ವಿಷಯ ಹಾಗಲ್ಲ. ಓಡಲು, ತಿರುಗಲು ನೀವು ಒತ್ತುವ ನಾಲ್ಕು ಕೀಗಳಲ್ಲಿ ಮೂರು ಇದೇ ಸಾಲಿನಲ್ಲಿವೆ. ಆಟದ ರಭಸದಲ್ಲಿ ಯಾರೂ ಮೆಲ್ಲಗೆ ಒತ್ತುವುದಿಲ್ಲ, ತಳ ಮುಟ್ಟಿಸಿಯೇ ಒತ್ತುತ್ತಾರೆ. ಆದ್ದರಿಂದ ಗೇಮ್ ಆಡುವವರಿಗೆ ಇದು ಸಣ್ಣ ವಿಷಯ ಅಂತ ನಾನು ಹೇಳಲಾರೆ.

ಸ್ವಿಚ್‌ನ ಮೇಲ್ಕವಚದ ಆಕಾರ ಒಂದೊಂದು ಕಂಪನಿಯದು ಒಂದೊಂದು ಥರ, ಹಾಗಾಗಿ ನಿಮ್ಮದರಲ್ಲಿ ತಾಗದೆಯೂ ಇರಬಹುದು. ಪರೀಕ್ಷೆ ಸುಲಭ. ಕಾಲೇಜಿನಲ್ಲೋ ಊರಿನಲ್ಲೋ ಗೆಳೆಯರ ಹತ್ತಿರ ಚೆರಿ ಪ್ರೊಫೈಲ್ ಇದ್ದರೆ ನಡುಸಾಲಿನ ಒಂದು ಕ್ಯಾಪ್ ಕೇಳಿ ತನ್ನಿ. ಎಸ್ ಜಾಗದಲ್ಲಿ ಹಾಕಿ. ಕಣ್ಣು ಮುಚ್ಚಿ ಗಟ್ಟಿಯಾಗಿ ಒತ್ತಿ, ಪಕ್ಕದ ಹಳೆಯ ಕ್ಯಾಪನ್ನೂ ಹಾಗೇ ಒತ್ತಿ. ತಾಗುತ್ತಿದ್ದರೆ ಬೆರಳಿಗೆ ತಿಳಿಯುತ್ತದೆ. ಕ್ಯಾಪ್ ಸಿಗದಿದ್ದರೆ ವಾಪಸ್ ತೆಗೆದುಕೊಳ್ಳುವ ಕಡೆಯಿಂದಲೇ ತರಿಸಿ. ಕಾಸರಗೋಡಿನಲ್ಲಿ ಇಂಥ ಸೆಟ್ ಕೈಯಲ್ಲಿ ಹಿಡಿದು ನೋಡುವುದು ಕಷ್ಟ. 50 ಕಿ.ಮೀ. ಆಚೆ ಮಂಗಳೂರಿಗೆ ಹೋಗುವ ಕೆಲಸ ಇದ್ದರೆ ಕೀಬೋರ್ಡನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಅಲ್ಲಿಯೇ ಕೂರಿಸಿ ನೋಡಿ.

ಒಂದು ವೇಳೆ ತಾಗಿದರೆ ಮೂರು ದಾರಿ ಇದೆ. ಹಾಟ್‌ಸ್ವಾಪ್ ಬೋರ್ಡ್ ಆದರೆ ಲಾಂಗ್ ಪೋಲ್ ಸ್ವಿಚ್ ಹಾಕಬಹುದು. ಅದರ ಒಳಗಿನ ಕಡ್ಡಿ ಉದ್ದ, ಕ್ಯಾಪ್ ತಾಗುವ ಮೊದಲೇ ಅದು ತಳ ಮುಟ್ಟುತ್ತದೆ. ಅದಕ್ಕೆ ‘ಟಕ್’ ಅನ್ನುವ ಗಟ್ಟಿ ಸದ್ದು ಇದೆ, ರಾತ್ರಿ ಆಡುವವರು ಯೋಚಿಸಬೇಕು. ಎರಡನೆಯದು, ಕ್ಯಾಪ್‌ನ ಒಳಗೆ ರಬ್ಬರಿನ ಓ-ರಿಂಗ್ ಹಾಕುವುದು. ಕೀ ತುಸು ಮೇಲೆಯೇ ನಿಲ್ಲುತ್ತದೆ, ಸದ್ದೂ ಇಳಿಯುತ್ತದೆ. ತಳ ಮೆತ್ತಗಾಗುವುದು ಎಲ್ಲರಿಗೂ ಹಿಡಿಸುವುದಿಲ್ಲ, ಆದರೆ ಕ್ಯಾಪ್ ತಾಗುವುದು, ರಾತ್ರಿಯ ಸದ್ದು, ಈ ಎರಡೂ ತೊಂದರೆಗೆ ಕಡಿಮೆ ಖರ್ಚಿನ ಮದ್ದು ಇದು. ನಾನಾದರೆ ಇದನ್ನೇ ಮೊದಲು ಮಾಡಿ ನೋಡುತ್ತೇನೆ. ಮೂರನೆಯದು, ಚೆರಿ ಬಿಟ್ಟು ಎಕ್ಸ್‌ಡಿಎಗೆ ಹೋಗುವುದು.

ಲೈಟ್ ಕಾಣಬೇಕು ಅಂದಿರಿ. ಚೆರಿ ಪ್ರೊಫೈಲಿನ ಬಹಳಷ್ಟು ಪಿಬಿಟಿ ಸೆಟ್‌ಗಳು ಡೈ ಸಬ್, ಅಂದರೆ ಶಾಯಿಯನ್ನು ಬಿಸಿಯಿಂದ ಪ್ಲಾಸ್ಟಿಕ್ಕಿನೊಳಗೆ ಇಳಿಸಿದ್ದು. ಅಕ್ಷರ ಅಳಿಯುವುದಿಲ್ಲ, ಆದರೆ ಅದರ ಮೂಲಕ ಬೆಳಕು ಬರುವುದಿಲ್ಲ. ಕೀಗಳ ಸಂದಿನಿಂದ ಮಾತ್ರ ಬಣ್ಣ ಕಾಣುತ್ತದೆ. ಕರೆಂಟು ಹೋದಾಗ, ದೀಪ ಆರಿಸಿ ಆಡುವಾಗ ಅಕ್ಷರ ಓದಲೇಬೇಕು ಅಂತಿದ್ದರೆ ‘ಶೈನ್ ಥ್ರೂ’, ‘ಡಬಲ್ ಶಾಟ್’ ಎರಡೂ ಮಾತು ಬರೆದಿರುವ ಸೆಟ್ ಹುಡುಕಿ. ಡಬಲ್ ಶಾಟ್‌ನಲ್ಲಿ ಅಕ್ಷರವೇ ಬೇರೆ ಬಣ್ಣದ ಪ್ಲಾಸ್ಟಿಕ್, ಅಚ್ಚಿನಲ್ಲೇ ಸೇರಿಸಿದ್ದು. ಬರೀ ಮೇಲೆ ಬಣ್ಣ ಬಳಿದು ಲೇಸರಿನಿಂದ ಅಕ್ಷರ ಕೊರೆದ ಅಗ್ಗದ ಸೆಟ್ ಬೇಡ. ಬಣ್ಣ ಸವೆದು ಹೋಗುತ್ತದೆ, ಅದೂ ನೀವು ಹೆಚ್ಚು ಒತ್ತುವ ಕೀಗಳಲ್ಲೇ ಮೊದಲು.

ಕೆಳಸಾಲನ್ನು ಸ್ಕೇಲಿನಿಂದ ಅಳೆಯಿರಿ. ಒಂದು ಕೀಗೂ ಮುಂದಿನ ಕೀಗೂ ನಡುವಿನ ದೂರ 19.05 ಮಿ.ಮೀ., ಇದನ್ನೇ 1 ಯು ಅನ್ನುತ್ತಾರೆ. ಮಾರಾಟಕ್ಕಿರುವ ಸೆಟ್‌ಗಳು ಬಹುತೇಕ 6.25 ಯು ಸ್ಪೇಸ್‌ಬಾರ್, ಅದರ ಎರಡೂ ಕಡೆ 1.25 ಯು ಕೀಗಳು ಇರುವ ಬೋರ್ಡಿಗೆ ಹೊಂದುತ್ತವೆ. ನಿಮ್ಮ ಸ್ಪೇಸ್‌ಬಾರ್ ಸುಮಾರು 11.8 ಸೆ.ಮೀ., ಕಂಟ್ರೋಲ್ ಕೀ ಸುಮಾರು 2.3 ಸೆ.ಮೀ. ಇದ್ದರೆ ನಿಶ್ಚಿಂತೆ. ಕೋರ್ಸೇರ್ ಮತ್ತು ರೇಜರ್‌ನ ಹಳೆಯ ಬೋರ್ಡ್‌ಗಳಲ್ಲಿ ಈ ಸಾಲಿನ ಅಳತೆಯೇ ಬೇರೆ. ಸ್ಪೇಸ್‌ಬಾರ್ 12 ಸೆ.ಮೀ. ದಾಟಿ, ಕಂಟ್ರೋಲ್ 2.7 ಸೆ.ಮೀ. ಮೇಲಿದ್ದರೆ ಸಾಮಾನ್ಯ ಸೆಟ್ ಕೊಳ್ಳಬೇಡಿ. ಹೊಸ ಸ್ಪೇಸ್‌ಬಾರ್ ಹೊಂದದೆ ಎತ್ತರದ ಹಳೆಯದೇ ಉಳಿದು, ಸುತ್ತ ಗಿಡ್ಡ ಕ್ಯಾಪ್ ಆದರೆ ಹೆಬ್ಬೆರಳಿಗೆ ಹಿಂಸೆ.

ಪ್ಲಾಸ್ಟಿಕ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಎಬಿಎಸ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನ ಕ್ಯಾಪ್ ಉಜ್ಜಿ ಉಜ್ಜಿ ಎಣ್ಣೆ ಹಚ್ಚಿದಂತೆ ಹೊಳೆಯತೊಡಗುತ್ತದೆ. ಕರಾವಳಿಯ ಸೆಕೆಯಲ್ಲಿ ಬೆವರುವ ಬೆರಳು ಅದರ ಮೇಲೆ ಜಾರುತ್ತದೆ. ಪಿಬಿಟಿ ಒರಟಾಗಿ ಉಳಿಯುವ ಕಾಲ ಜಾಸ್ತಿ. ಅದಕ್ಕೇ ನಮ್ಮ ಊರಿಗೆ ಪಿಬಿಟಿ ಅನ್ನುತ್ತೇನೆ. ಪಿಬಿಟಿಯ ಒಂದು ದೋಷ ಗೊತ್ತಿರಲಿ: ಅಚ್ಚಿನಿಂದ ತೆಗೆದು ತಣಿಯುವಾಗ ಅದು ಕುಗ್ಗುತ್ತದೆ, ಉದ್ದದ ಸ್ಪೇಸ್‌ಬಾರ್ ಬಾಗಿರಬಹುದು. ಸೆಟ್ ಬಂದ ಕೂಡಲೇ ಸ್ಪೇಸ್‌ಬಾರನ್ನು ಗಾಜಿನ ಮೇಲೋ ಮೊಬೈಲಿನ ಪರದೆಯ ಮೇಲೋ ಇಟ್ಟು ನೋಡಿ. ಆ ಕಡೆ ಈ ಕಡೆ ಅಲ್ಲಾಡಿದರೆ ವಾಪಸ್ ಮಾಡಿ. ದಪ್ಪದ ಗೋಡೆಯ ಕ್ಯಾಪ್, 1.3 ರಿಂದ 1.5 ಮಿ.ಮೀ. ಇರುವುದು, ತೆಳುವಿನದಕ್ಕಿಂತ ಗಂಭೀರ ಸದ್ದು ಮಾಡುತ್ತದೆ. ರಾತ್ರಿ ಮನೆಯವರಿಗೆ ಅದೇ ವಾಸಿ.

ಕನ್ನಡ ಅಕ್ಷರದ ಕ್ಯಾಪ್‌ಗಾಗಿ ಹುಡುಕುತ್ತಾ ಕೂರಬೇಡಿ. ನೀವು ಟೈಪ್ ಮಾಡುವುದು ಕೆ.ಪಿ. ರಾವ್ ವಿನ್ಯಾಸದಲ್ಲಾದರೆ, ಅಂದರೆ ನುಡಿ ತಂತ್ರಾಂಶದಲ್ಲಿ ಬಳಸುವ ವಿನ್ಯಾಸದಲ್ಲಾದರೆ, ಇಂಗ್ಲಿಷ್ ಅಕ್ಷರವೇ ದಾರಿ ತೋರಿಸುತ್ತದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ವಿನ್ಯಾಸ ಬಳಸುವವರಿಗೆ ಮಾತ್ರ ಕಣ್ಣಿಗೆ ಗುರುತು ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಅಕ್ಷರಗಳ ಜಾಗಕ್ಕೂ ಇಂಗ್ಲಿಷಿಗೂ ಸಂಬಂಧವಿಲ್ಲ. ಅವರು ವಿನ್ಯಾಸದ ಚಿತ್ರ ಮುದ್ರಿಸಿ ಮಾನಿಟರಿನ ಕೆಳಗೆ ಅಂಟಿಸಿಕೊಳ್ಳಲಿ. ಕ್ಯಾಪ್ ಮೇಲೆ ಸ್ಟಿಕ್ಕರ್ ಅಂಟಿಸುವುದು ಬೇಡ, ಆಟದ ಬೆವರಿಗೆ ಅದರ ಅಂಚು ಏಳುತ್ತದೆ, ಬೆರಳಿಗೆ ಅಂಟು ಹತ್ತುತ್ತದೆ. ಎಫ್ ಮತ್ತು ಜೆ ಮೇಲೆ ಬೆರಳಿಗೆ ಸಿಗುವ ಸಣ್ಣ ಗೀಟು ಇದೆಯೇ ಅಂತ ಸೆಟ್‌ನ ಚಿತ್ರದಲ್ಲಿ ನೋಡಿಕೊಳ್ಳಿ. ಎರಡೂ ಭಾಷೆಗೆ ಅದು ಬೇಕು.

ಸೆಟ್ ಬಂದ ಮೇಲೆ, ಹಳೆಯ ಕ್ಯಾಪ್ ಕೀಳುವ ಮೊದಲು ಕೀಬೋರ್ಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಯಾಪ್ ಕೀಳಲು ಎರಡು ತಂತಿಯ ಪುಲ್ಲರ್ ಬಳಸಿ, ಪ್ಲಾಸ್ಟಿಕ್ ಉಂಗುರದ್ದು ಕ್ಯಾಪ್‌ನ ಬದಿ ಗೀರುತ್ತದೆ. ನೇರ ಮೇಲಕ್ಕೆ ಎಳೆಯಿರಿ, ತಿರುಚಬೇಡಿ. ಶಿಫ್ಟ್, ಎಂಟರ್, ಸ್ಪೇಸ್‌ಬಾರ್ ಕೆಳಗೆ ಉದ್ದದ ಕೀ ವಾಲದಂತೆ ಹಿಡಿಯುವ ಸ್ಟೆಬಿಲೈಜರ್ ಇರುತ್ತದೆ, ಎರಡೂ ತುದಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ. ಕ್ಯಾಪ್‌ಗಳಿಗೆ ಸಾಲಿಗೊಂದು ಓರೆ ಇರುವುದರಿಂದ ಒಂದು ಸಾಲಿನದನ್ನು ಇನ್ನೊಂದಕ್ಕೆ ಹಾಕಬೇಡಿ. ಹಳೆಯ ಸೆಟ್ಟನ್ನು ಉಗುರು ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆದು ಎತ್ತಿಡಿ, ಬೋರ್ಡ್ ಮಾರುವಾಗ ಬೇಕಾಗುತ್ತದೆ. ಜೂನ್‌ನಿಂದ ಆಚೆಗೆ ತೊಳೆಯುವುದಾದರೆ ಒಂದು ದಿನ ಒಣಗಿಸಿದ್ದು ಸಾಲದು. ನಮ್ಮ ಮಳೆಗಾಲದಲ್ಲಿ ಸ್ಟೆಮ್ ಕೂರುವ ಆ ಸಣ್ಣ ತೂತಿನೊಳಗೆ ನೀರು ಹಾಗೇ ನಿಲ್ಲುತ್ತದೆ. ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಗಾಳಿಗೆ ಎರಡು ದಿನ ಬಿಡಿ. ಮತ್ತೆ ಹಾಕುವ ಮೊದಲು ಒಂದೊಂದನ್ನೂ ಕೊಡವಿ ನೋಡಿ. ಒಂದು ಹನಿ ಸ್ವಿಚ್‌ನೊಳಗೆ ಇಳಿದರೂ ಒಳಗಿನ ಲೋಹದ ತಗಡು ಕಪ್ಪಿಡಬಹುದು, ಆಮೇಲೆ ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳಲು ಶುರುವಾಗಬಹುದು.